ಕ್ರಾಪಿಗೆ ಹೊರಟವನ ಕಾಲು

"ಇವತ್ತು ನಾನು ಒಬ್ಬನೇ ಹೋಗಿ ಕ್ರಾಪು ಮಾಡಿಸಿಕೊಂಡು ಬರ್ತೀನಿ!" ಎಂದು ತಿಂಡಿಯ ಮೇಜು ಗುದ್ದಿ ಘೋಷಿಸಿದೆ. ಕಾಫಿ ಚೆಲ್ಲಿತು. ಮಹತ್ಕಾರ್ಯಗಳು ಶುರುವಾಗುವುದೇ ಹೀಗೆ!

ನನ್ನ ಹೆಂಡತಿ ಗ್ಲೆನಿಸ್ ಮೇಜು ಒರೆಸುತ್ತ ಕೇಳಿದಳು, "ಒಬ್ಬನೇನಾ? ಬಾತ್‌ರೂಮಿಗೆ ಹೋಗೋಕೂ ನನ್ನ ಭುಜ ಬೇಕು ನಿಂಗೆ."

"ಗಾಲಿಕುರ್ಚಿಗೆ ಬ್ಯಾಟರಿ ಇದೆಯಲ್ಲ! ಮೆಲ್ಬರ್ನ್‌ನಲ್ಲಿ ಜೀವಮಾನವೆಲ್ಲ ಟ್ರಾಮ್ ಓಡಿಸ್ದೋನು ನಾನು. ಇದೇನು ಮಹಾ?"

"ಟ್ರಾಮ್ ಹಳಿ ಮೇಲೆ ತಾನಾಗೇ ಹೋಗ್ತಿತ್ತು, ಲಯನೆಲ್. ನೀನು ಗಂಟೆ ಹೊಡೀತಿದ್ದೆ, ಅಷ್ಟೆ."

ಸೊಂಟದ ಕೀಲು ಕೈಕೊಟ್ಟ ಮೇಲೆ, "ಬೆಚ್ಚಗಿನ ಊರು, ಮೆಟ್ಟಿಲಿಲ್ಲದ ಮನೆ, ನಗುಮುಖದ ಜನ" ಎಂದು ಹಟ ಹಿಡಿದು ಅವಳನ್ನು ಥಾಯ್ ದೇಶದ ಚಿಯಾಂಗ್ ಮಾಯ್‌ಗೆ ಕರೆತಂದವನು ನಾನೇ. ಮನೆಗೆ ಮೆಟ್ಟಿಲಿರಲಿಲ್ಲ, ನಿಜ. ಆದರೆ ಮನೆಯಾಚೆ ಫುಟ್‌ಪಾತೂ ಇರಲಿಲ್ಲ! ಹಿಂದಿನ ವಾರವಷ್ಟೇ ಕುರ್ಚಿಸಮೇತ ಚರಂಡಿಗೆ ವಾಲಿದ್ದೆ. "ಇನ್ನೊಂದು ಸಲ ಹೀಗಾದ್ರೆ ಗಂಟುಮೂಟೆ ಕಟ್ಕೊಂಡು ಮೆಲ್ಬರ್ನ್ ಕಡೆಗೇ ವಾಪಸ್ ಹೋಗೋದೇ. ಗೀಲಾಂಗ್‌ನಲ್ಲಿ ನನ್ನ ತಂಗಿ ಮನೆ ಪಕ್ಕ ಇರೋಣ" ಎಂದು ಗ್ಲೆನಿಸ್ ಕಡೆಯ ಎಚ್ಚರಿಕೆ ಕೊಟ್ಟಿದ್ದಳು. ಆ ತಂಗಿಯ ಪಕ್ಕದಲ್ಲಿ ಮುಪ್ಪು ಕಳೆಯುವುದೇ! ಹೀಗಾಗಿ ಅಂದಿನ ಕ್ಷೌರ ಬರೀ ಕ್ಷೌರವಾಗಿರಲಿಲ್ಲ, ನನ್ನ ಸ್ವಾತಂತ್ರ್ಯ ಸಂಗ್ರಾಮವಾಗಿತ್ತು.

ಗೇಟಿನ ಬಳಿ ಪಕ್ಕದ ಮನೆಯ ಪಾ ಬುವಾ ಗಿಡಕ್ಕೆ ನೀರು ಹಾಕುತ್ತಿದ್ದರು. 'ಪಾ' ಎಂದರೆ ದೊಡ್ಡಮ್ಮ. ಥಾಯ್ ಭಾಷೆಯಲ್ಲಿ ನನ್ನ ಗುರುವೂ ಅವರೇ. ಪಾಠ ಹೇಳಿದವರಲ್ಲ, ಬೇಲಿಯಾಚೆ ಅವರಾಡುವುದನ್ನು ಕೇಳಿಯೇ ನಾನು ಪಂಡಿತನಾದದ್ದು. ಕ್ಷೌರದಂಗಡಿ ಹತ್ತಿರವೋ ದೂರವೋ ಎಂದು ಅವರನ್ನು ಕೇಳಿದೆ.

"ಕ್ಲೈ" ಎಂದರು.

ಈ 'ಕ್ಲೈ'ಯನ್ನು ಮೇಲಿನಿಂದ ಕೆಳಗೆ ಜಾರಿಸಿದರೆ 'ಹತ್ತಿರ'. ಮಟ್ಟಸವಾಗಿ ಎಳೆದರೆ 'ದೂರ'! ಇಂಥ ಭಾಷೆಯಲ್ಲಿ ಜನ ಮನೆ ಹೇಗೆ ಸೇರುತ್ತಾರೋ! ಅವರ ಸ್ವರ ಜಾರಿತೆಂದೇ ನನ್ನ ಕಿವಿಗೆ ಅನ್ನಿಸಿತು. ಠೀವಿಯಿಂದ ಹೊರಟೆ.

ಹೋದೆ, ಹೋದೆ, ಹೋಗುತ್ತಲೇ ಇದ್ದೆ. ದೇವಸ್ಥಾನ ಬಂತು, ಟೈರ್ ಅಂಗಡಿ ಬಂತು, ಮತ್ತೊಂದು ದೇವಸ್ಥಾನ ಬಂತು. ಅದು ಮತ್ತೊಂದೋ, ಮೊದಲಿನದೇ ಮತ್ತೆ ಬಂತೋ ತಿಳಿಯಲಿಲ್ಲ. ಕೊನೆಗೆ ಒಂದು ನೂಡಲ್ಸ್ ಗಾಡಿಯ ಮುಂದೆ ಕುರ್ಚಿ 'ಕುಂಯ್' ಎಂದು ಪ್ರಾಣ ಬಿಟ್ಟಿತು. ಬಿಡುವ ಮುನ್ನ ನನ್ನ ಮೊಣಕಾಲ ಕೆಳಭಾಗವನ್ನು ಅಲ್ಲಿದ್ದ ತಗಡಿನ ಮೇಜಿಗೆ ಉಜ್ಜಿ ಒಂದಿಷ್ಟು ರಕ್ತವನ್ನೂ ತೆಗೆಯಿತು.

ನೂಡಲ್ಸ್ ತಿನ್ನುತ್ತಿದ್ದ ಕೆಂಪು ಟೆಂಪೋ ಚಾಲಕ ಬಟ್ಟಲು ಬಿಟ್ಟು ಓಡಿ ಬಂದ. ಅವನ ಹೆಸರು ಮೂನ್. "ಎಲ್ಲಿಗೆ ಹೊರಟ್ರಿ ದೊಡ್ಡಪ್ಪಾ?"

ನಾನು ನನ್ನತ್ತ ಬೆರಳು ತೋರಿಸಿ, ಹಲ್ಲು ಕಿರಿದು, ಸ್ಪಷ್ಟ ಥಾಯ್‌ನಲ್ಲಿ ಹೇಳಿದೆ: "ಫೋಮ್ ತಟ್ ಖಾ!"

ಮೂನ್‌ನ ಮುಖ ಬಿಳಿಚಿತು. ನನ್ನ ಕಾಲು ನೋಡಿದ, ರಕ್ತ ನೋಡಿದ, ನನ್ನ ನಗು ನೋಡಿದ. ಬಡಿಸುತ್ತಿದ್ದ ಹೆಂಗಸು ಎದೆ ಮುಟ್ಟಿಕೊಂಡಳು. ನೋಡುನೋಡುತ್ತಿದ್ದಂತೆ ನನ್ನನ್ನು ಕುರ್ಚಿಸಮೇತ ಎತ್ತಿ ಟೆಂಪೋಗೆ ಏರಿಸಿದರು. ಒಂದು ಕ್ರಾಪಿಗೆ ಇಷ್ಟೊಂದು ಕಾಳಜಿಯೇ? ಎಂಥ ಜನವಪ್ಪಾ ಎಂದು ಕಣ್ತುಂಬಿ ಬಂತು.

ಟೆಂಪೋ ನಿಂತಲ್ಲಿ ಎಲ್ಲವೂ ಬಿಳಿ. ಬಿಳಿ ಗೋಡೆ, ಬಿಳಿ ಹಾಸಿಗೆ, ಬಿಳಿ ಉಡುಪು. ದೊಡ್ಡ ಸಲೂನೇ ಇರಬೇಕು ಎಂದುಕೊಂಡೆ. ಮಲಗಿಸಿದರು. ಈಚೆಗೆ ಮಲಗಿಸಿಯೇ ಕತ್ತರಿಸುತ್ತಾರೇನೋ! ಒಬ್ಬ ಬೋಗುಣಿ, ಸೋಪು, ರೇಜರ್ ಹಿಡಿದು ಬಂದ. ಕೊನೆಗೂ ಕ್ಷೌರಿಕ! ಕಣ್ಣುಮುಚ್ಚಿ, ಮಹಾರಾಜನಂತೆ ತಲೆ ಒಡ್ಡಿದೆ.

ತಣ್ಣನೆಯ ಸೋಪು ತಾಗಿದ್ದು ಕಾಲಿಗೆ!

"ಅಲ್ಲಲ್ಲ! ಮೇಲೆ! ಮೇಲೆ!" ಎಂದೆ. ಅವನು ತಲೆಯಾಡಿಸಿ ರೇಜರನ್ನು ಮೊಣಕಾಲಿನ ಮೇಲಕ್ಕೆ ತಂದ. "ಇನ್ನೂ ಮೇಲೆ!" ಎಂದು ಕೂಗಿದೆ. ಅವನು ಗಾಬರಿಯಾಗಿ ನರ್ಸನ್ನು ಕರೆದ.

ಪುಣ್ಯಕ್ಕೆ ಆ ನರ್ಸಿಗೆ ನನ್ನ ಭಾಷೆ ಬರುತ್ತಿತ್ತು. "ಗಾಯಕ್ಕೆ ಪಟ್ಟಿ ಹಾಕೋಕೆ ಕೂದಲು ತೆಗೀತಿದೀವಿ, ದೊಡ್ಡಪ್ಪಾ. ಅದಿರ್ಲಿ, ಕಾಲು ಕತ್ತರಿಸ್ಬೇಕು ಅಂತ ಯಾವ ಡಾಕ್ಟ್ರು ಹೇಳಿದ್ರು?"

"ಕಾಲಾ? ಯಾರ ಕಾಲು?"

"ನಿಮ್ದೇ! ಅಷ್ಟು ದೊಡ್ಡ ಸುದ್ದೀನ ನಗ್ತಾ ನಗ್ತಾ ಹೇಳಿದ್ರಂತೆ. ಟೆಂಪೋದವ್ರು ಹೊರಗೆ ಅಳ್ತಾ ಕೂತಿದಾರೆ."

ಆಮೇಲೆ ಬಿಡಿಸಿ ಹೇಳಿದಳು. 'ಫೋಮ್' ಎಂದರೆ ಕೂದಲು; ಗಂಡಸು ಹೇಳಿದರೆ 'ನಾನು' ಎಂದೂ ಹೌದು. 'ತಟ್' ಎಂದರೆ ಕತ್ತರಿಸು. ಕೊನೆಯಲ್ಲಿ ನಾನು ಮರ್ಯಾದೆಗೆಂದು ಸೇರಿಸಿದ 'ಖಾ' ಹೆಂಗಸರು ಮಾತ್ರ ಆಡುವ ಮಾತು. ಅದನ್ನೇ ಎಳೆದರೆ ಕಾಲು! ಹಾಗಾಗಿ ನಾನು ಊರಿಗೆಲ್ಲ ಸಾರಿದ್ದು, 'ನನ್ನ ಕಾಲು ಕತ್ತರಿಸ್ತಾರೆ!'

"ಗಂಡಸರು ಕೊನೇಲಿ 'ಕ್ರಾಪ್' ಅನ್ಬೇಕು ದೊಡ್ಡಪ್ಪಾ" ಎಂದಳು.

ಅಯ್ಯೋ, ಕ್ರಾಪಿಗೆ ಹೊರಟವನು 'ಕ್ರಾಪ್' ಎನ್ನದೆ ಕೆಟ್ಟೆ!

ಅಷ್ಟರಲ್ಲಿ, ಕಾಲಿನ ಸುದ್ದಿ ಫೋನಿನಲ್ಲಿ ತಿಳಿದು, ಪಾ ಬುವಾ ಅವರ ಸ್ಕೂಟರಿನ ಹಿಂದೆ ಕೂತು ಗ್ಲೆನಿಸ್ ಬಂದಳು. ಉಸಿರು ಏರಿತ್ತು, ಕಾಲಿನ ಚಪ್ಪಲಿ ಅದಲುಬದಲಾಗಿತ್ತು. ಅದನ್ನು ಕಂಡು ನನ್ನ ಗರ್ವವೆಲ್ಲ ಇಳಿಯಿತು. ಹಿಂದೆಯೇ ಮೂನ್ ಕಣ್ಣೊರೆಸಿಕೊಳ್ಳುತ್ತ ನೂಡಲ್ಸ್ ಪೊಟ್ಟಣ ಹಿಡಿದು ಬಂದ. ಪಾ ಬುವಾ ನನ್ನೆರಡೂ ಪಾದಗಳನ್ನು ಮುಟ್ಟಿ ನೋಡಿ, "ಎರಡೂ ಇದಾವೆ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದರು. ನರ್ಸ್ ನಡೆದದ್ದನ್ನೆಲ್ಲ ಗ್ಲೆನಿಸ್‌ಗೆ ವರದಿ ಒಪ್ಪಿಸಿದಳು.

"ಗೀಲಾಂಗ್‌ಗೆ ಯಾವತ್ತು ಹೊರಡೋಣ?" ನಾನೇ ಮೆಲ್ಲಗೆ ಕೇಳಿದೆ.

"ಬಿಡು. ಅಲ್ಲಿ ನಿನ್ನ ಮಾತು ಎಲ್ರಿಗೂ ಅರ್ಥ ಆಗುತ್ತೆ. ಇಲ್ಲೇ ವಾಸಿ" ಎಂದಳು.

ಗ್ಲೆನಿಸ್ ಹೊದಿಕೆ ಸರಿಸಿ ನುಣ್ಣಗಾದ ನನ್ನ ಕಾಲನ್ನು ದಿಟ್ಟಿಸಿದಳು, ಆಮೇಲೆ ನನ್ನ ತಲೆಯನ್ನು ದಿಟ್ಟಿಸಿದಳು.

"ಅವ್ರದ್ದೇನೂ ತಪ್ಪಿಲ್ಲ, ಲಯನೆಲ್" ಎಂದಳು. "ಕೂದಲು ಇದ್ದಿದ್ದೇ ಅಲ್ಲಿ!"