ನಕಲು ಕೆರೆಯ ತೂಬು

ಬಹಳ ಹಿಂದೆ, ಅಂದರೆ ಇಂದು ಯಾರಿಗೂ ಸಿಟ್ಟು ಬಾರದಷ್ಟು ಹಿಂದೆ, ದ್ವಿಗುಣವರ್ಮ ಮಹಾರಾಜರು ಆಳುತ್ತಿದ್ದ ಒಂದು ರಾಜ್ಯವಿತ್ತು. ನಾನು ಅಲ್ಲಿನ ಪ್ರಜೆ. ಇದ್ದದ್ದೆಲ್ಲ ಒಂದು ದಿನ ಕಳೆದುಹೋದೀತೆಂಬ ಭಯ ಮಹಾರಾಜರಿಗೆ. ಹಾಗಾಗಿ ಪ್ರತಿಯೊಂದಕ್ಕೂ ಬ್ಯಾಕಪ್ ಇರತಕ್ಕದ್ದೆಂದು ಅಪ್ಪಣೆಯಾಗಿತ್ತು. ಸಿಂಹಾಸನಕ್ಕೆ ನಕಲು ಸಿಂಹಾಸನ, ಪಟ್ಟದಾನೆಗೆ ನಕಲು ಆನೆ. ಕೊನೆಗೆ ಊರ ಕೆರೆಗೂ ಅರಮನೆಯ ಗೋಡೆಯೊಳಗೆ, ತಗ್ಗಿನಲ್ಲಿ, ಒಂದು ನಕಲು ಕೆರೆ ಸಿದ್ಧವಾಯಿತು. ಅದಕ್ಕೆ ನೀರು ನಮ್ಮ ಕೆರೆಯಿಂದಲೇ ಹೋಗಬೇಕೆಂಬುದು ನಮಗೆ ಹೊಳೆದದ್ದು ಚಪ್ಪಾಳೆ ತಟ್ಟಿ ಮುಗಿದ ಮೇಲೆ.

ಯಾರು ಏನು ಮಾಡಬಹುದೆಂದು ಗೊತ್ತುಪಡಿಸಲು ಅನುಮತಿ ಮಂತ್ರಿ ಮುದ್ರಾಧರರು ಹಿತ್ತಾಳೆಯ ಬಿಲ್ಲೆಗಳನ್ನು ಮಾಡಿಸಿದರು. ಕೆಲಸ ಶುರು ಮಾಡುವ ಬಿಲ್ಲೆ, ನೋಡುವ ಬಿಲ್ಲೆ, ನಿಲ್ಲಿಸುವ ಬಿಲ್ಲೆ. ಕೆರೆಯ ನೀರು ಬಿಡುವ ನೀರಗಂಟಿ ತಿಪ್ಪೇಶಿಗೆ ಶುರು ಮಾಡುವ ಬಿಲ್ಲೆ ಸಿಕ್ಕಿತು. ಪುಸ್ತಕ ಓದಿದ, ಕೈಕೆಲಸ ಬಾರದ ನನಗೆ ನೋಡುವ ಬಿಲ್ಲೆ. ನನ್ನ ಯೋಗ್ಯತೆಯನ್ನು ಇಷ್ಟು ಸರಿಯಾಗಿ ಅಳೆದ ಸರ್ಕಾರ ಇನ್ನೊಂದಿಲ್ಲ. ಅದನ್ನು ಅಂಗಿಗೆ ಸಿಕ್ಕಿಸಿಕೊಂಡು ಪೇಟೆ ಬೀದಿಯಲ್ಲಿ ಸುಮ್ಮನೆ ಓಡಾಡಿ ಬಂದೆ.

ತಿಪ್ಪೇಶಿ ತೂಬು ಎತ್ತಿದ. ನಕಲು ಕೆರೆ ತುಂಬಿತು, ಕೋಡಿ ಹರಿಯಿತು, ಅರಮನೆಯ ಹೂದೋಟ ಮುಳುಗಿತು. ನೀರು ಮಾತ್ರ ನಿಲ್ಲಲಿಲ್ಲ. ಊರ ಕೆರೆಯಲ್ಲಿ ನಾವೆಂದೂ ಕಾಣದ ಮೆಟ್ಟಿಲುಗಳು ಮೇಲೆದ್ದವು. ಕೆರೆಯ ಕೆಳಗೆ ಸೊಪ್ಪು ಬೆಳೆಯುವ ಬೋರಕ್ಕ ಖಾಲಿ ಕೊಡ ಹೊತ್ತು ಬಂದಳು.

"ತೂಬು ಇಳಿಸೋ ತಿಪ್ಪೇಶಿ. ಕೈ ಅದರ ಮ್ಯಾಲೇ ಐತಲ್ಲ."

"ಕೈ ನಂದೇ ಅಕ್ಕ. ಇಳಿಸೋ ಅನುಮತಿ ನಂದಲ್ಲ."

"ನಿಮ್ಮಪ್ಪ ಇಳಿಸ್ತಿದ್ದ."

"ನಮ್ಮಪ್ಪಂಗೆ ಬಿಲ್ಲೆ ಇತ್ತಾ?" ತಿಪ್ಪೇಶಿ ತನ್ನದನ್ನು ಅಂಗಿಯ ತುದಿಯಿಂದ ಒರೆಸಿಕೊಂಡ.

ಅವಳು ನನ್ನ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಸ್ವಾಮಿ."

"ನೋಡ್ತಾ ಇದ್ದೀನಿ," ಎಂದೆ.

"ನೋಡ್ಕಳಿ, ನೋಡ್ಕಳಿ. ನಾಳೆ ನೋಡಾಕೂ ಏನೂ ಇರಲ್ಲ."

ಅವಳೇ ನಮ್ಮಿಬ್ಬರನ್ನೂ ಆಸ್ಥಾನಕ್ಕೆ ಎಳೆದೊಯ್ದಳು. ಈ ತೂಬಿನ ಮಟ್ಟಿಗೆ ತಿಪ್ಪೇಶಿಗೊಂದು ನಿಲ್ಲಿಸುವ ಬಿಲ್ಲೆ ಕೊಡಿ ಎಂದು ಕೇಳಿದಳು. ಮುದ್ರಾಧರರಿಗೆ ಅವಳ ಮೇಲೆ ಕನಿಕರ ಹುಟ್ಟಿತು.

"ತಾಯಿ, ಒಂದೇ ತೂಬಿಗೆ ಅಂತ ಕೊಡೋದಕ್ಕೆ ನಮ್ಮ ಸಿಸ್ಟಮ್ಮಿನಲ್ಲಿ ಬರೋದಿಲ್ಲ. ನಿಲ್ಲಿಸುವ ಬಿಲ್ಲೆ ಅಂದರೆ ರಾಜ್ಯದಲ್ಲಿ ನಡೆಯೋದನ್ನೆಲ್ಲ ನಿಲ್ಲಿಸುವ ಬಿಲ್ಲೆ. ಇವನಿಗೆ ಕೊಟ್ಟರೆ ನಾಳೆ ಕಂದಾಯ ವಸೂಲಿಯನ್ನೂ ನಿಲ್ಲಿಸಿಯಾನು."

"ನಿಲ್ಲಿಸ್ಲಿ ಬಿಡಿ," ಎಂದಳು ಬೋರಕ್ಕ. ತಿಪ್ಪೇಶಿ ಗಾಬರಿಯಿಂದ ಅವಳ ಸೆರಗು ಎಳೆದ.

ಆ ಬಿಲ್ಲೆ ಇದ್ದದ್ದು ಒಂದೇ, ಮಹಾರಾಜರ ಕೊರಳಲ್ಲಿ. ಅವರು ಅದನ್ನು ಎತ್ತಿ ಹಿಡಿದರೆ ಸಾಕಿತ್ತು. ಆದರೆ ಆಗ ತೂಬಿನ ಜೊತೆಗೆ ಬಾಗಿಲಲ್ಲಿ ನಡೆಯುತ್ತಿದ್ದ ಬಹುಪರಾಕೂ ನಿಲ್ಲಬೇಕು. ಮಹಾರಾಜರು ಬಿಲ್ಲೆಗೆ ಕೈ ಹಾಕಿದರು. ಹೊರಗೆ ಹೊಗಳುಭಟರು ಅವರನ್ನು ಚಂದ್ರನಿಗೆ ಹೋಲಿಸಿ ಮುಗಿಸಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಇನ್ನೂ ಸೂರ್ಯ ಬಾಕಿ ಇದ್ದಾನೆ," ಎಂದು ಮಹಾರಾಜರು ಕೈ ತೆಗೆದರು.

ಸೂರ್ಯ ಮುಗಿಯುವಷ್ಟರಲ್ಲಿ ಕೆರೆಯೂ ಮುಗಿದಿತ್ತು.

ನಕಲು ಕೆರೆಯಿಂದ ನೀರು ವಾಪಸ್ಸು ಕೊಡಿ ಎಂದು ಊರೆಲ್ಲ ಸೇರಿ ಬೇಡಿದೆವು. "ಅಸಲು ಕಳೆದುಹೋದರೆ ಮಾತ್ರ ನಕಲಿನಿಂದ ಕೊಡಬಹುದು. ಕೆರೆ ಎಲ್ಲಿ ಕಳೆದಿದೆ? ಅಲ್ಲೇ ಇದೆಯಲ್ಲ," ಎಂದರು ಮುದ್ರಾಧರರು. ಖಚಿತಪಡಿಸಲು ನೋಡುವ ಬಿಲ್ಲೆಯ ನನ್ನನ್ನು ಮುಂದೆ ಕರೆದರು. ಕೆರೆ ಅಲ್ಲೇ ಇತ್ತು. ಇದೆ ಎಂದೆ. ಆಸ್ಥಾನ ನನ್ನ ಮಾತೊಂದನ್ನು ಚರ್ಚೆಯಿಲ್ಲದೆ ಒಪ್ಪಿದ್ದು ಅದೇ ಮೊದಲು.

ಬ್ಯಾಕಪ್ ಯಶಸ್ವಿ ಎಂದು ಡಂಗುರ ಹೊಡೆಸಿದರು. ಆ ಸಂಭ್ರಮದಲ್ಲಿ ಮಹಾರಾಜರು ತಮಗೂ ಒಂದು ನಕಲು ಇರಲೆಂದು ಮುದ್ರಾಧರರಿಗೇ ಪಟ್ಟ ಕಟ್ಟಿದರು. ಅಭಿಷೇಕಕ್ಕೆ, ವಿಶೇಷ ಅನುಮತಿಯ ಮೇಲೆ, ನಕಲು ಕೆರೆಯ ನೀರು ಕೊಡಗಟ್ಟಲೆ ಬಂತು. ಅದು ಹೊಸ ರಾಜರ ಕಿರೀಟದಿಂದ ಹೊಟ್ಟೆಗೆ, ಹೊಟ್ಟೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಮೋರಿಗೆ ಇಳಿಯಿತು. ಬೋರಕ್ಕ ಮೋರಿಯ ಬಾಯಿಗೆ ಕೊಡ ಒಡ್ಡಿ ಕೂತಳು. ಅವಳ ಹಿಂದೆ ಊರು ಸಾಲು ನಿಂತಿತು. ಸಾಲಿನಲ್ಲಿ ನಾನೂ ಇದ್ದೆ.

ಕಾವಲುಗಾರನೊಬ್ಬ ಬಂದು, ಇದು ಅಭಿಷೇಕದ ತೀರ್ಥ, ಕೊಡಕ್ಕೆ ಇಷ್ಟು ಕಾಣಿಕೆ ಎಂದ.

"ಯಾವ ರಾಜರಿಗೆ ಕೊಡ್ಬೇಕಪ್ಪ?" ಬೋರಕ್ಕ ಸೆರಗಿನ ಗಂಟು ಬಿಚ್ಚುತ್ತ ಕೇಳಿದಳು.

"ಇಬ್ರಿಗೂ," ಎಂದ ಅವನು. "ಬೇರೆ ಬೇರೆ ಕೊಡ್ಬೇಕು ಕಣಮ್ಮ."