ವಾಲ್ಟರ್‌ನ ಸೊಟ್ಟ ಬೆರಳು

ತಪ್ಪು ಕಂಡರೆ ತಿದ್ದದೆ ಇರಲಾರದವರು ಮನೆಗೊಬ್ಬರು ಇರುತ್ತಾರೆ. ಅಮೆರಿಕದ ಏಪೆಕ್ಸ್ ಎಂಬ ಊರಿನ ನಮ್ಮ ಮನೆಯಲ್ಲಿ ಅದು ನಾನು. ಯುಗಾದಿ ಊಟದ ಆಮಂತ್ರಣದಲ್ಲಿ ಒತ್ತಕ್ಷರ ತಪ್ಪಿದೆ ಎಂದು ಕರೆದವರಿಗೇ ಫೋನ್ ಮಾಡಿ ಹೇಳಿದ್ದೆ. ಮರುವರ್ಷ ಆಮಂತ್ರಣವೇ ಬರಲಿಲ್ಲ. ಇಂಥವಳಿಗೆ ದೇವರು ಕೊಡಬಾರದಿದ್ದ ಕೆಲಸವೆಂದರೆ ಹಳೆಯ ಕಾಗದಪತ್ರ ಕಾಯುವುದು. ಅದನ್ನೇ ಕೊಟ್ಟ. ಎಲ್ಲರೂ ಮಾಸ್ಕ್ ತೆಗೆದ ವರ್ಷ, ಮನೆಯಿಂದ ಅರ್ಧ ಗಂಟೆ ದೂರದ ಹಳೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ನನಗೆ ಪಾರ್ಟ್ ಟೈಮ್ ಕೆಲಸ ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಹೊರತರುತ್ತಿದ್ದ ಪತ್ರಿಕೆಯ ಪ್ರತಿಗಳು ಮೂರು ಪೆಟ್ಟಿಗೆಗಳಲ್ಲಿದ್ದವು. ಅವುಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಯಾರ ಹೆಸರು ಎಲ್ಲಿ ಬಂದಿದೆ ಎಂದು ಪಟ್ಟಿ ಮಾಡಬೇಕಿತ್ತು.

ನಾನು ಸ್ಕ್ಯಾನ್ ಮಾಡಿದ್ದಕ್ಕಿಂತ ಓದಿದ್ದೇ ಹೆಚ್ಚು. ಆ ಹುಡುಗರು ಬೆಳಗಾಗೆದ್ದು ಪ್ರಾರ್ಥನೆಗೆ ಓಡಬೇಕು. ತಡವಾದರೆ ಹೆಸರಿನ ಮುಂದೆ ಕಪ್ಪು ಗುರುತು. ಕೋಣೆಯ ಒಲೆಗೆ ಸೌದೆ ತಾವೇ ಹೊರಬೇಕು. ಗ್ರೀಕ್ ಮೇಷ್ಟರನ್ನು ಕಂಡರೆ ನಡುಕ. ಸಂಜೆಯಾದರೆ ಮಾತ್ರ ಫುಟ್‌ಬಾಲ್, ಅದೂ ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅಮೆರಿಕದ ಫುಟ್‌ಬಾಲ್. ಹೆಲ್ಮೆಟ್ ಇಲ್ಲದ್ದರಿಂದ ತಲೆಗೆ ಪೆಟ್ಟಾಗದಿರಲೆಂದು ಕೂದಲು ಬೆಳೆಸಿಕೊಳ್ಳುತ್ತಿದ್ದರಂತೆ. ಇದನ್ನು ಹೇಳಿದಾಗ ನನ್ನ ಗಂಡ ಶ್ರೀಧರ ತನ್ನ ಬೋಳುತಲೆ ಸವರಿಕೊಂಡು, "ಹಾಗಾದ್ರೆ ನಂಗೆ ಟೀಮಲ್ಲಿ ಸೆಲೆಕ್ಷನ್ ಆಗ್ತಿರ್ಲಿಲ್ಲ ಬಿಡು" ಎಂದ.

ಮೇ ತಿಂಗಳ ಒಂದು ಮಧ್ಯಾಹ್ನ ಡಾರತಿ ಎಂಬ, ಎಂಬತ್ತು ದಾಟಿದ ಹೆಂಗಸು ಅಟ್ಲಾಂಟಾದಿಂದ ಬಂದರು. ಅವರ ಅಜ್ಜ ವಾಲ್ಟರ್ ಇಲ್ಲಿ ಓದಿದವನು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜನ ಫೋಟೋ ತಂದಿದ್ದರು, ಕಾಲೇಜಿಗೆ ಕೊಡಬೇಕೆಂದಿದ್ದರು. "ಈ ಕಿರುಬೆರಳು ಸೊಟ್ಟಗಿದೆ ನೋಡಿ. ಕಾಲೇಜಿಗಾಗಿ ಫುಟ್‌ಬಾಲ್ ಆಡುವಾಗ ಮುರಿದದ್ದು. ಇದನ್ನು ಹಿಡಿದುಕೊಂಡೇ ನಾನು ನಡೆಯಲು ಕಲಿತೆ" ಎಂದರು.

ನಾನು ಹುಮ್ಮಸ್ಸಿನಿಂದ ನನ್ನ ಪಟ್ಟಿ ತೆರೆದೆ. ತಂಡದ ಹನ್ನೊಂದು ಹೆಸರುಗಳಲ್ಲಿ ವಾಲ್ಟರ್ ಇರಲಿಲ್ಲ. ಕ್ರೀಡಾದಿನದ ವರದಿಯಲ್ಲಿ ಇದ್ದ. ಮೈಗೆಲ್ಲ ಜಿಡ್ಡು ಬಳಿದ ಹಂದಿಯನ್ನು ಓಡಿಸಿಕೊಂಡು ಹೋಗಿ ಹಿಡಿಯುವ ಸ್ಪರ್ಧೆಯಲ್ಲಿ ಜಾರಿಬಿದ್ದು ಕೈ ನೋಯಿಸಿಕೊಂಡಿದ್ದ. ಅದನ್ನು ಗಟ್ಟಿಯಾಗಿ ಓದಿ, "ನಿಮ್ಮಜ್ಜನ ಬೆರಳು ಮುರಿದದ್ದು ಫುಟ್‌ಬಾಲಿನಲ್ಲಲ್ಲ, ಹಂದಿಯ ದೆಸೆಯಿಂದ" ಎಂದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಮರ್ಯಾದೆಗೆ ಒಂದಿಷ್ಟು ನಕ್ಕರು ಕೂಡ. ಆಮೇಲೆ ಫೋಟೋವನ್ನು ಮೆಲ್ಲಗೆ ಬ್ಯಾಗಿಗೆ ಹಾಕಿಕೊಂಡು, "ಅಜ್ಜ ನನಗೆ ಸುಳ್ಳು ಹೇಳುತ್ತಿರಲಿಲ್ಲ" ಎಂದರು. ನನಗೆ ಹೇಳಿದಂತಿರಲಿಲ್ಲ, ಆ ಬ್ಯಾಗಿಗೆ ಹೇಳಿದಂತಿತ್ತು.

ಸಂಜೆ ಇದನ್ನೆಲ್ಲ ಕೇಳಿದ ಶ್ರೀಧರ, "ಪಾಪ, ಅಷ್ಟು ದೂರದಿಂದ ಬಂದಿದ್ರು. ಚೆಕ್ ಮಾಡಿ ಹೇಳ್ತೀನಿ ಅಂದಿದ್ರೆ ಆಗ್ತಿರ್ಲಿಲ್ವಾ?" ಎಂದ.

"ಚೆಕ್ ಮಾಡೇ ಹೇಳಿದ್ದು."

"ಪೂರ್ತಿ?"

ಮೂರನೆಯ ಪೆಟ್ಟಿಗೆಯನ್ನು ನಾನಿನ್ನೂ ತೆರೆದೇ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳಿದೆ.

ಅದನ್ನು ತೆರೆದದ್ದು ಅಕ್ಟೋಬರಿನಲ್ಲಿ. ಪಕ್ಕದ ಊರಿನ ಕಾಲೇಜಿನ ಮೇಲೆ ಆಡಿದ ಪಂದ್ಯದ ವರದಿ ಸಿಕ್ಕಿತು. ನಮ್ಮವನೊಬ್ಬನ ಭುಜ ಕಳಚಿದಾಗ ಬದಲಿಗೆ ಇಳಿದವನು ವಾಲ್ಟರ್. ಚೆಂಡಿನ ಮೇಲೆ ಬಿದ್ದ, ಅವನ ಮೇಲೆ ಆರು ಜನ ಬಿದ್ದರು. ಎದ್ದಾಗ ಕಿರುಬೆರಳು ಮುರಿದಿತ್ತು, ಚೆಂಡು ಮಾತ್ರ ಕೈಬಿಟ್ಟಿರಲಿಲ್ಲ. ಇಡೀ ಕಾಲೇಜು ಅವನನ್ನು ಹೊತ್ತುಕೊಂಡು ಊರು ಸುತ್ತಿತ್ತು.

ಆ ಕ್ಷಣವೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಇಂಥ ತಪ್ಪಿಗೆ ಪತ್ರವೇ ಸರಿ ಎಂದು ಕುಳಿತೆ. ಬರೆದೆ, ಹರಿದೆ, ತಿದ್ದಿದೆ. ಕ್ಷಮಾಪಣೆಯ ವ್ಯಾಕರಣ ಸರಿಮಾಡುವುದರಲ್ಲೇ ಎರಡು ವಾರ ಕಳೆದವು. ಕೊನೆಗೆ ಬೇಸತ್ತು ಫೋನನ್ನೇ ಮಾಡಿದಾಗ ಎತ್ತಿದವಳು ಅವರ ಸೋದರಸೊಸೆ. ಡಾರತಿ ತೀರಿಕೊಂಡು ಹತ್ತು ದಿನವಾಗಿತ್ತು.

ಕಾಲೇಜಿನಿಂದ ಎಂದು ಕೇಳಿ ಅವಳ ದನಿ ಹಗುರಾಯಿತು. ಅಂತ್ಯಕ್ರಿಯೆಯ ದಿನ ಹಂದಿಯ ಕತೆ ಹೇಳಿ ಎಲ್ಲರೂ ನಕ್ಕೆವು ಎಂದಳು. "ಅದು ಹಂದಿಯಲ್ಲ, ಫುಟ್‌ಬಾಲೇ" ಎಂದೆ. "ನೀವು ಹೊಸಬರಿರಬೇಕು," ಎಂದಳು ಅವಳು ತಾಳ್ಮೆಯಿಂದ. "ಅಲ್ಲಿ ಒಬ್ಬರು ದಾಖಲೆ ನೋಡಿಯೇ ಹೇಳಿದ್ದಾರೆ. ಬಹಳ ಖಚಿತವಾಗಿ ಹೇಳಿದರಂತೆ."

"ನಿಮ್ಮತ್ತೆಗೆ ಬೇಜಾರಾಗಿತ್ತೇ?" ಎಂದು ಕೇಳಿದೆ.

ಅವಳು, "ಮೊದಮೊದಲು ಬಹಳ. ಅಜ್ಜನ ಫೋಟೋವನ್ನು ಸ್ವಲ್ಪ ದಿನ ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು" ಎಂದಳು.

ಆ ಪುಟದ ಪ್ರತಿಯನ್ನು ಅವಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಜೊತೆಗಿಟ್ಟ ಚೀಟಿಯಲ್ಲಿ, ಅರ್ಧಂಬರ್ಧ ಓದಿ ಮಾತಾಡಿದ ಆ ಹೆಂಗಸನ್ನು ಚೆನ್ನಾಗಿಯೇ ಬೈದಿದ್ದೇನೆ. ಅವಳು ನಾನೇ ಎಂದು ಬರೆಯುವಷ್ಟರಲ್ಲಿ ಚೀಟಿಯಲ್ಲಿ ಜಾಗ ಮುಗಿದುಹೋಯಿತು.