ಸಾಲಿಗೊಂದು ಚೀಟಿ

"ಇವತ್ತು ಸಂಜೆ ನೀನು ಗೇಟು ತೆಗೆದು ಒಳಗೆ ಕಾಲಿಡೋ ಹೊತ್ತಿಗೆ ಈ ಹಿತ್ತಲಲ್ಲಿ ಒಂದೇ ಒಂದು ಕಳೆ ಇರಬಾರದು. ಇದ್ರೆ ನನ್ನನ್ನ ಕೇಳು!"

ಕಾಫಿ ಲೋಟವನ್ನು ಮೇಜಿನ ಮೇಲೆ ಟಪ್ಪೆಂದು ಕುಕ್ಕಿ ಹೀಗೆ ಘೋಷಣೆ ಹೊರಡಿಸಿದವರು ಟಿ.ಸಿ. ಸಾಹೇಬರು. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸ ಅವರದು. ನೋಡುವುದು ಎಂದರೆ ಸುಮ್ಮನೆ ನೋಡುವುದಲ್ಲ. ಅವರು ಬೋಗಿ ಹತ್ತಿದರೆ ಟಿಕೆಟ್ ತೆಗೆದುಕೊಂಡವರಿಗೂ ಒಂದು ಕ್ಷಣ ಅನುಮಾನ ಬಂದು ಜೇಬು ತಡಕಿಕೊಳ್ಳುತ್ತಾರೆ! ಸೀಟಿನ ಕೆಳಗೆ ಮಲಗಿದವರು, ಸಂಡಾಸಿನಲ್ಲಿ ಚಿಲಕ ಹಾಕಿಕೊಂಡವರು, ನಿದ್ದೆ ಬಂದವರಂತೆ ಗೊರಕೆ ಹೊಡೆಯುವವರು, ಯಾರೂ ಅವರ ಕಣ್ಣು ತಪ್ಪಿಸಿ ಮುಂದಿನ ನಿಲ್ದಾಣ ಕಂಡಿದ್ದಿಲ್ಲ. ಹೀಗಂತ ಅವರೇ ಹೇಳುತ್ತಾರೆ. ನಾವು ನಂಬಬೇಕು, ಅಷ್ಟೆ.

"ಕೇಳಿ ಏನು ಮಾಡ್ಲಿ? ಹೋದ ರಜೆಲೂ ಕೇಳಿದ್ದೆ. ಸೊಂಟ ಹಿಡ್ಕೊಂಡಿದೆ ಅಂದ್ರಿ," ಎಂದರು ಅವರ ಹೆಂಡತಿ, ಊಟದ ಡಬ್ಬಿಯ ಮುಚ್ಚಳ ಒತ್ತುತ್ತಾ. ಅವರು ಶಾಲೆಯಲ್ಲಿ ಗಣಿತದ ಟೀಚರ್. ಲೆಕ್ಕ ಮರೆಯುವ ಪೈಕಿ ಅಲ್ಲ.

"ಇದು ಮಾನದ ಪ್ರಶ್ನೆ ಕಣೇ!"

ಮಾನದ ಪ್ರಶ್ನೆಯೇ ಹೌದು. ಪಕ್ಕದ ಖಾಲಿ ಸೈಟಿನಿಂದ ಗೋಡೆ ಹಾರಿ ಬಂದಿದ್ದ ಒಂದು ಬಳ್ಳಿ ಇಡೀ ಹಿತ್ತಲನ್ನು ನುಂಗುತ್ತಾ ಕೂತಿತ್ತು. ಯಾವ ದೇಶದ್ದೋ ಏನೋ! ಯಾರೋ ಪುಣ್ಯಾತ್ಮರು ಚಂದಕ್ಕೆಂದು ತಂದು ನೆಟ್ಟು, ಸಾಕಾಗಿ ಬಿಸಾಕಿದ್ದರಂತೆ. ಗೆಣ್ಣಿಗೊಂದು ಬೇರು, ಬೇರಿಗೊಂದು ಹೊಸ ಸಂಸಾರ. ಮೊದಲು ಬಟ್ಟೆ ಒಣಹಾಕುವ ತಂತಿ ಹಿಡಿಯಿತು. ಆಮೇಲೆ ನೀರಿನ ಮೋಟಾರನ್ನು ತಬ್ಬಿಕೊಂಡಿತು. ಮೊನ್ನೆ ಬಚ್ಚಲುಮನೆಯ ಕಿಟಕಿಯಲ್ಲಿ ನುಗ್ಗಿ, ಒಳಗೆ ನೇತುಹಾಕಿದ್ದ ಟವೆಲ್ಲಿಗೇ ಸುತ್ತಿಕೊಂಡುಬಿಟ್ಟಿತ್ತು. ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದ ಸಾಹೇಬರು ಟವೆಲ್ ಎಳೆದರೆ ಬಳ್ಳಿಯೂ ಆ ಕಡೆಯಿಂದ ಎಳೆಯಿತು! ಅವತ್ತೇ ಅವರು ಶಪಥ ಮಾಡಿದ್ದು.

"ಸರಿ, ಕೀಳಿ. ಆದ್ರೆ ನನ್ನ ಸಸಿ ಮಡಿ ಹುಷಾರು," ಎಂದರು ಟೀಚರಮ್ಮ, ಚಪ್ಪಲಿ ಮೆಟ್ಟುತ್ತಾ. "ಸೋಮವಾರ ನನ್ನ ಕ್ಲಾಸಿನ ಒಂದೊಂದು ಮಗುಗೂ ಒಂದೊಂದು ಸಸಿ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ದಿನಾ ಬಂದು ಕೇಳ್ತಾವೆ ಪಾಪ, ಟೀಚರ್ ನಮ್ಮ ಗಿಡ ಎಷ್ಟುದ್ದ ಆಯ್ತು ಅಂತ. ಒಂದು ಹೆಚ್ಚು ಕಡಿಮೆ ಆದ್ರೂ ನಾನು ಆ ಮಕ್ಕಳ ಮುಖ ನೋಡೋ ಹಾಗಿಲ್ಲ."

"ನಿನ್ನ ಸಸಿ ಯಾವುದು, ಕಳೆ ಯಾವುದು ಅಂತ ಗೊತ್ತಾಗೋದು ಹೇಗೆ?"

ಅಷ್ಟರಲ್ಲಿ ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಟೀಚರಮ್ಮ ಓಡುತ್ತಾ ಕೂಗಿದರು: "ನಾನು ಹಾಕಿರೋದಕ್ಕೆಲ್ಲ ಕಡ್ಡಿ ಚುಚ್ಚಿ ಚೀಟಿ ಕಟ್ಟಿದ್ದೀನಿ! ಚೀಟಿ ಇರೋದು ನಮ್ಮದು, ಇಲ್ಲದ್ದು ಕಳೆ!"

ಅಯ್ಯೋ ತಾಯಿ! ಈ ಮಾತನ್ನು ಜಗತ್ತಿನಲ್ಲಿ ಬೇರೆ ಯಾರಿಗೆ ಬೇಕಾದರೂ ಹೇಳಬಹುದಿತ್ತು.

ಸಾಹೇಬರು ಸಜ್ಜಾದರು. ತಲೆಗೆ ಟೋಪಿ, ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು, ಪ್ಯಾಂಟು ಮೊಣಕಾಲಿನ ತನಕ. ಹಿಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, ಎಂದರೆ ಟೀಚರಮ್ಮನ ತಾಯಿ, ಅಳಿಯನ ವೇಷ ನೋಡಿ ಕಾಲು ಮಡಿಚಿ ಚೆನ್ನಾಗಿ ಕೂತರು. ಟೀವಿ ಹೇಗೂ ಕೆಟ್ಟಿತ್ತು.

ಮೊದಲ ದಾಳಿ ಗೋಡೆಯ ಮೇಲಿನ ಬಳ್ಳಿಯ ಮೇಲೆ. ಸಾಹೇಬರು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಬಳ್ಳಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಾಲನ್ನು ಗೋಡೆಗೆ ಕೊಟ್ಟು ಜಗ್ಗಿದರು. ಬಳ್ಳಿ ಪಟ್ಟೆಂದು ಹರಿಯಿತು, ಸಾಹೇಬರು ಹಿಂದಿದ್ದ ಬಕೆಟ್ಟಿನಲ್ಲಿ ಕೂತರು.

"ಪೆಟ್ಟಾಯ್ತಾ ಅಳಿಯಂದ್ರೇ?" ಅತ್ತೆ ಕೂತಲ್ಲಿಂದಲೇ ವಿಚಾರಿಸಿದರು.

"ಇಲ್ಲ ಅತ್ತೆ, ಸುಸ್ತಾಗಿತ್ತು, ಕೂತೆ."

ಸಿಟ್ಟು ನೆತ್ತಿಗೇರಿತು. ಎಳೆದ ಬಳ್ಳಿಯನ್ನೆಲ್ಲ ಕತ್ತಿಯಿಂದ ಗೇಣುದ್ದದ ತುಂಡು ಮಾಡಿ ಮೂಲೆಯಲ್ಲಿ ಗುಡ್ಡೆ ಹಾಕಿದರು. ಆಮೇಲೆ ಸಸಿ ಮಡಿಯ ತಲೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತರು. ಸಾಲು ಸಾಲು ಹಸಿರು. ಒಂದೊಂದು ಸಾಲಿನ ಮೊದಲಿಗೆ ಒಂದೊಂದು ಕಡ್ಡಿ, ಕಡ್ಡಿಯಲ್ಲಿ ಚೀಟಿ. ಟೊಮೆಟೊ. ಮೆಣಸಿನಕಾಯಿ. ಬದನೆ. ಸಾಹೇಬರಿಗೆ ಥೇಟ್ ಬೋಗಿಯ ನೆನಪಾಯಿತು. ಇಷ್ಟು ಜನ ಕೂತಿದ್ದಾರೆ, ಟಿಕೆಟ್ ನೋಡಿದರೆ ಮೂರು!

"ಆಹಾ! ನನ್ನ ಮನೇಲೇ ಇಷ್ಟೊಂದು ಜನ ಬಿಟ್ಟಿ ಪ್ರಯಾಣ!"

ಶುರುವಾಯಿತು ತಪಾಸಣೆ. ಒಂದು ಟಿಕೆಟ್ಟಿಗೆ ಒಬ್ಬ ಪ್ರಯಾಣಿಕ. ಇದು ಸಾಹೇಬರ ಮಟ್ಟಿಗೆ ಸೂರ್ಯ ಚಂದ್ರರಿಗಿಂತ ಖಚಿತ. ಒಮ್ಮೆ ಒಬ್ಬ ಹೆಂಗಸು ಅವಳಿ ಮಕ್ಕಳನ್ನು ಒಂದೇ ಕಂಬಳಿಯಲ್ಲಿ ಸುತ್ತಿ ತಂದಾಗಲೂ ಕಾಲು ಎಣಿಸಿದ ಪ್ರಾಣಿ ಇದು! ಚೀಟಿಗೆ ಅಂಟಿ ನಿಂತ ಒಂದು ಗಿಡವನ್ನು ಬಿಟ್ಟರು. ಪಕ್ಕದ್ದು?

"ಟಿಕೆಟ್ ಎಲ್ಲಿ? ಇಲ್ವಾ? ಇಳೀರಿ!" ಕಿತ್ತರು. "ನೀವು? ಹಿಂದಿನವರ ಹತ್ರ ಇದೆಯಾ? ಎಲ್ಲರೂ ಹೀಗೇ ಹೇಳೋದು, ಇಳೀರಿ!" ಕಿತ್ತರು.

"ಅಳಿಯಂದ್ರೇ, ಎಲ್ಲಾನೂ ಕೀಳ್ತಿದ್ದೀರಲ್ಲ?"

"ಯಾರ ಹತ್ರಾನೂ ಟಿಕೆಟ್ ಇಲ್ಲ ಅತ್ತೆ!"

"ಹಾಗೋ," ಎಂದು ಅತ್ತೆ ಇನ್ನೊಂದು ಅವರೆಕಾಯಿ ಸುಲಿದರು.

ಟೊಮೆಟೊ ಸಾಲಿನ ಕಡ್ಡಿಗೆ ಒಂದು ಎಳೆ ಗಿಡ ನಾಜೂಕಾಗಿ ಸುತ್ತಿಕೊಂಡು, ಚೀಟಿಯನ್ನು ಎದೆಗೆ ಒತ್ತಿಕೊಂಡು ನಿಂತಿತ್ತು. ಸಾಹೇಬರ ಮನಸ್ಸು ತುಂಬಿ ಬಂತು. "ನೋಡಿ ಅತ್ತೆ, ಇದು ಮರ್ಯಾದಸ್ಥ ಪ್ರಯಾಣಿಕ! ಕೇಳೋ ಮೊದಲೇ ಟಿಕೆಟ್ ತೋರಿಸ್ತಿದೆ!" ಎಂದು ಅದಕ್ಕೆ ಒಂದು ಚೊಂಬು ನೀರು ಹೆಚ್ಚಿಗೆ ಹಾಕಿದರು. ಅದು ಗೋಡೆ ಮೇಲಿನ ಬಳ್ಳಿಯ ಸಾಕ್ಷಾತ್ ಮರಿ ಎನ್ನುವುದು ನಿಮಗೂ ನನಗೂ ಗೊತ್ತಾಯಿತು. ಅವರಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಡಿ ಲಕಲಕ ಹೊಳೆಯುತ್ತಿತ್ತು. ಮೂರು ಕಡ್ಡಿ, ಮೂರು ಗಿಡ. ಕಿತ್ತದ್ದೆಲ್ಲ ಮೂಲೆಯ ಗುಡ್ಡೆಗೆ. ಸಾಹೇಬರು ಕೈ ತೊಳೆದು ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದರಷ್ಟೆ, ಫೋನ್ ಹೊಡೆದುಕೊಂಡಿತು.

"ರೀ, ಯಾರಿಗೆ ಯಾವ ಗಿಡ ಅಂತ ಮಕ್ಕಳು ಈಗಲೇ ಕಿತ್ತಾಡ್ತಿದ್ದಾವೆ. ಟೊಮೆಟೊ ಎಷ್ಟಿವೆ ಸ್ವಲ್ಪ ಎಣಿಸಿ ಹೇಳಿ."

"ಒಂದು."

"ಒಂದು ಸಾಲು ಅಂತ ನಂಗೂ ಗೊತ್ತು. ಸಾಲಲ್ಲಿ ಎಷ್ಟು?"

"ಒಂದು."

"ತಮಾಷೆ ಸಾಕು. ಮೆಣಸಿನಕಾಯಿ?"

"ಅದೂ ಒಂದೇ. ಬದನೆನೂ ಒಂದೇ. ನಿನ್ನ ಚೀಟಿಗೆ ಸರಿಯಾಗಿ ಲೆಕ್ಕ ಇದೆ, ನೀನೇನೂ ಹೆದರ್ಬೇಡ."

ಆ ಕಡೆಯಿಂದ ಬಹಳ ಮೆಲ್ಲಗೆ ಧ್ವನಿ ಬಂತು: "ಸಾಲಿಗೊಂದು ಚೀಟಿ ತಾನೇ ರೀ ಹಾಕೋದು? ಸಾಲಿನ ಉಳಿದ ಸಸಿ ಏನಾದ್ವು?"

ಸಾಹೇಬರಿಗೆ ಈಗ ಹೊಳೆಯಿತು. ಇಪ್ಪತ್ತು ವರ್ಷ ರೈಲಿನಲ್ಲಿ ಫೋನ್ ಮಾತಾಡಿದ ಅಭ್ಯಾಸ ನಾಲಿಗೆಯಿಂದ ತಾನಾಗಿಯೇ ಹೊರಗೆ ಬಂತು.

"ಹಲೋ? ಹಲೋ? ಕೇಳಿಸ್ತಿಲ್ಲ! ಸುರಂಗ ಬಂತು!"

ಅಡುಗೆಮನೆಯಲ್ಲಿ ಸುರಂಗ! ಫೋನ್ ಇಟ್ಟು, ತಟ್ಟೆ ಅಲ್ಲೇ ಬಿಟ್ಟು, ಎದ್ದೆನೋ ಬಿದ್ದೆನೋ ಎಂದು ಹಿತ್ತಲಿಗೆ ಓಡಿದರು. ಗುಡ್ಡೆಯಲ್ಲಿ ಟೊಮೆಟೊ, ಬದನೆ, ಮೆಣಸು, ಬಳ್ಳಿ ತುಂಡು, ಹುಲ್ಲು, ಎಲ್ಲ ಕಲಸಿ ಮೇಲೋಗರವಾಗಿತ್ತು. ಯಾವುದು ಯಾವುದು? ಎಲ್ಲಕ್ಕೂ ಎಲೆ ಇದೆ, ಎಲ್ಲವೂ ಹಸಿರು! ಅತ್ತೆಯನ್ನು ಕೇಳಿದರೆ ಎರಡು ನಿಮಿಷದ ಕೆಲಸ. ಆದರೆ ಅತ್ತೆಯನ್ನು ಕೇಳುವುದೇ? ಬೆಳಿಗ್ಗೆಯಿಂದ ಅಷ್ಟು ಕೊಚ್ಚಿಕೊಂಡು? ಛೆ ಛೆ.

ಸಾಹೇಬರು ಒಂದು ಐತಿಹಾಸಿಕ ತೀರ್ಮಾನ ಕೈಗೊಂಡರು. ಬೇರು ಕಂಡದ್ದನ್ನೆಲ್ಲ ವಾಪಸ್ ನೆಡುವುದು!

"ಈಗೇನು ಮಾಡ್ತಿದ್ದೀರಿ ಅಳಿಯಂದ್ರೇ?"

"ಎಲ್ಲರನ್ನೂ ಮತ್ತೆ ಹತ್ತಿಸ್ತಿದ್ದೀನಿ ಅತ್ತೆ."

ಹಗ್ಗ ಕಟ್ಟಿ, ಗೆರೆ ಹಾಕಿ, ತೂತು ಕೊರೆದು, ಒಂದೊಂದನ್ನೂ ಮಗುವಿನಂತೆ ಎತ್ತಿ ನೆಟ್ಟರು. ಬೆನ್ನು ಬಿಲ್ಲಾಯಿತು, ಉಗುರಿನೊಳಗೆ ಮಣ್ಣು, ಮೂಗಿನ ಮೇಲೆ ಸೊಳ್ಳೆ. ಬಳ್ಳಿಯ ಗೇಣುದ್ದದ ತುಂಡುಗಳು ಗೆಣ್ಣಿನಲ್ಲಿ ಬೇರಿಟ್ಟುಕೊಂಡೇ ಇದ್ದವಲ್ಲ, ಅವಕ್ಕೂ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಸಂಜೆ ಟೀಚರಮ್ಮ ಬಂದರು. ಚೀಲವನ್ನೂ ಇಡಲಿಲ್ಲ, ಸೀದಾ ಹಿತ್ತಲಿಗೆ ಹೋದರು. ಬಗ್ಗಿ ನೋಡಿದರು. ಸಾಲು ಸ್ಕೇಲು ಇಟ್ಟ ಹಾಗಿತ್ತು. ಅರ್ಧ ಸಾಲು ತಲೆ ಬಾಗಿಸಿ ಬಾಡಿತ್ತು, ಉಳಿದರ್ಧ ಎದೆ ಸೆಟೆಸಿ ನಿಂತಿತ್ತು.

"ನೆಟ್ಟಗೆ ನಿಂತಿರೋದೆಲ್ಲ ಕಳೆ," ಎಂದರು ಅವರು.

"ಚೀಟಿ ಇಲ್ಲದ್ದು ಕಳೆ ಅಂತ ನೀನೇ ಹೇಳಿದ್ದಲ್ವೇನೇ..."

"ಅಮ್ಮಾ, ನೀನಾದ್ರೂ ಇವರನ್ನ ನಿಲ್ಲಿಸಬಾರದಿತ್ತಾ?"

"ನಿಲ್ಲಿಸೋಣ ಅಂತಿದ್ದೆ ಕಣೇ," ಎಂದರು ಅತ್ತೆ. "ಮದುವೆಯಾದಾಗಿನಿಂದ ಅವರು ಬಗ್ಗಿ ಕೆಲಸ ಮಾಡಿದ್ದು ಇದೇ ಮೊದಲು. ನಿಲ್ಲಿಸೋಕೆ ಮನಸ್ಸೇ ಬರ್ಲಿಲ್ಲ."

ಟೀಚರಮ್ಮ ಬೈದಿದ್ದರೆ ಸಾಹೇಬರು ತಡೆದುಕೊಳ್ಳುತ್ತಿದ್ದರು. ಅವರು ಬೈಯಲಿಲ್ಲ. ಬಾಡಿದ ಸಸಿಗಳನ್ನು ಆರಿಸಿ, ಪುಟ್ಟ ಪುಟ್ಟ ಮಣ್ಣಿನ ಚೀಲಕ್ಕೆ ಹಾಕಿ, ನೆರಳಿನಲ್ಲಿಟ್ಟು ನೀರು ಚಿಮುಕಿಸಿದರು. ಶನಿವಾರ, ಭಾನುವಾರ ಅದೇ ಉಪಚಾರ. ಸಸಿಗಳು ಒಂದೊಂದಾಗಿ ಕಣ್ಣು ಬಿಟ್ಟವು. ಆದರೂ ಐದು ಕಡಿಮೆ ಬಿದ್ದವು.

"ಯಾವ ಐದು ಮಕ್ಕಳಿಗೆ ಇಲ್ಲ ಅಂತ ಹೇಳ್ಲಿ?" ಎಂದು ಭಾನುವಾರ ಸಂಜೆ ಟೀಚರಮ್ಮ ಮೆಟ್ಟಿಲ ಮೇಲೆ ಕೂತು ಕೇಳಿದರು. ಕಣ್ಣಲ್ಲಿ ನೀರಿತ್ತು. ನಾನೆಂಥ ಮುಠ್ಠಾಳ ಎಂದು ಸಾಹೇಬರಿಗೆ ಅವತ್ತು ನಿಜವಾಗಿಯೂ ಅನಿಸಿತು.

ಅನಿಸಿ ಸುಮ್ಮನಿದ್ದರೆ ಸಾಕಿತ್ತು! ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮಡಿಯ ಮೂಲೆ ಮೂಲೆ ಹುಡುಕಿ, ಕಡ್ಡಿಗೆ ಸುತ್ತಿಕೊಂಡಿದ್ದ ಆ ಮರ್ಯಾದಸ್ಥನನ್ನೂ ಅವನಂಥದ್ದೇ ಎಲೆಯ ನಾಲ್ವರನ್ನೂ ಕಂಡುಹಿಡಿದರು. ಎಲೆ ಹೊಳೆಯುತ್ತಿತ್ತು, ಕಾಂಡ ಗಟ್ಟಿ. ಚೀಟಿಯಲ್ಲಿ ಟೊಮೆಟೊ ಅಂತಲೇ ಇತ್ತಲ್ಲ, ಇನ್ನೇನು ಅನುಮಾನ? ಐದನ್ನೂ ಚೀಲಕ್ಕೆ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಚೀಟಿ ಕಟ್ಟಿ, ದುಂಡು ಅಕ್ಷರದಲ್ಲಿ "ಟೊಮೆಟೊ" ಎಂದು ಬರೆದರು. ಪೆಟ್ಟಿಗೆಯಲ್ಲಿ ಸೇರಿಸಿ ಒದ್ದೆ ಗೋಣಿ ಮುಚ್ಚಿದರು.

"ಐದು ಸಿಕ್ತು ಕಣೇ! ಮೂಲೇಲಿ ಉಳ್ಕೊಂಡಿತ್ತು."

"ನಿಜವಾಗ್ಲೂ?" ಟೀಚರಮ್ಮನ ಮುಖ ಅರಳಿತು. ಬಸ್ಸಿನ ಹೊತ್ತಾಗಿತ್ತು, ಗೋಣಿ ಎತ್ತಿ ನೋಡಲು ಪುರುಸೊತ್ತೆಲ್ಲಿ? "ನಿಮ್ಮನ್ನ ಸುಮ್ನೆ ಮನಸ್ಸಲ್ಲೇ ಬೈಕೊಂಡೆ ರೀ," ಎಂದು ಹೋಗುವ ಗಡಿಬಿಡಿಯಲ್ಲೂ ಎರಡನೇ ಲೋಟ ಕಾಫಿ ಮಾಡಿಕೊಟ್ಟು ಹೋದರು. ಸಾಹೇಬರು ಅದನ್ನು ಮೀಸೆ ಒರೆಸಿಕೊಂಡು ಒರೆಸಿಕೊಂಡು ಕುಡಿದರು.

ಶಾಲೆಯಲ್ಲಿ ಗೋಣಿ ಸರಿಸಿದ್ದೇ ತಡ, ಮಕ್ಕಳು ಮುಗಿಬಿದ್ದು ಸಸಿ ಎತ್ತಿಕೊಂಡು ಓಡಿದವು. ತಿಂಗಳು ಕಳೆಯಿತು. ಪೋಷಕರ ಸಭೆ ಮುಗಿಸಿ ಬಂದ ಟೀಚರಮ್ಮ ಬಾಗಿಲಲ್ಲೇ ನಿಂತರು.

"ರೀ."

ಈ "ರೀ"ಗಳಲ್ಲಿ ಬಹಳ ಬಗೆ. ಇದು ಯಾವ ಬಗೆ ಎಂದು ಗಂಡನಾದವನಿಗೆ ಹೇಳಿಕೊಡಬೇಕಾಗಿಲ್ಲ.

"ಒಬ್ಬರ ಮನೇಲಿ ಟೊಮೆಟೊ ಗಿಡ ಕಿಟಕಿ ಹತ್ತಿ ಫ್ಯಾನಿಗೆ ಕೈ ಹಾಕ್ತಿದೆಯಂತೆ. ಇನ್ನೊಬ್ಬರ ಮನೇಲಿ ಸ್ಕೂಟರ್ ಕಾಣಿಸ್ತಿಲ್ಲವಂತೆ, ಹುಡುಕಿದ್ರೆ ಟೊಮೆಟೊ ಗಿಡದ ಒಳಗಿತ್ತಂತೆ. ನೀವು ಕೊಟ್ಟ ಐದರ ವಿಷಯ ನಾನು ಇವತ್ತು ಐದು ಜನರ ಬಾಯಲ್ಲಿ ಕೇಳಿದೆ."

ಸಾಹೇಬರು ಬಾಯಿ ತೆರೆದರು. ಸುರಂಗ ಬರಲಿಲ್ಲ.

"ಬರೋ ರಜೆಗೆ ಐದೂ ಮನೆಗೆ ನೀವೇ ಹೋಗ್ತೀರಿ. ಬೇರು ಸಮೇತ ಕೀಳ್ತೀರಿ. ಐದೂ ಮಕ್ಕಳಿಗೆ ನಿಜವಾದ ಟೊಮೆಟೊ ಸಸಿ ಕೊಟ್ಟು, ತಪ್ಪಾಯ್ತು ಅಂತ ಹೇಳಿ ಬರ್ತೀರಿ. ಸಸಿ ಅಮ್ಮ ಆರಿಸಿಕೊಡ್ತಾರೆ. ನೀವು ಮುಟ್ಟಬೇಡಿ."

ಹೋದರು. ಮೊದಲ ಮನೆಯಲ್ಲಿ ಏಣಿ ಹತ್ತಿ ಫ್ಯಾನು ಬಿಡಿಸಿದರು. ಎರಡನೆಯ ಮನೆಯಲ್ಲಿ ಸ್ಕೂಟರನ್ನು ಹೊರಗೆಳೆದರು. ಇನ್ನೆರಡು ಮನೆಯಲ್ಲಿ ಮಕ್ಕಳು ಬಾಗಿಲಿಗೆ ಬಂದು "ಅಮ್ಮಾ, ಕಳೆ ಅಂಕಲ್ ಬಂದ್ರು!" ಎಂದು ಕೂಗಿದವು. ಯಾರನ್ನು ಕಂಡರೆ ಇಡೀ ರೈಲು ಜೇಬು ತಡಕುತ್ತದೋ ಅಂಥವರು ಬೆವರು ಒರೆಸಿಕೊಂಡು, "ತಪ್ಪಾಯ್ತಪ್ಪಾ, ತಪ್ಪಾಯ್ತಮ್ಮಾ," ಎನ್ನುತ್ತಾ ನಡೆದರು.

ಕೊನೆಯ ಮನೆ. ಎರಡು ಜಡೆ ಹಾಕಿದ ಪುಟ್ಟ ಹುಡುಗಿ ಬಾಗಿಲು ತೆಗೆದಳು. ಅಂಗಳದಲ್ಲಿ ಬಳ್ಳಿ ಕಂಬ ಹತ್ತಿ, ಚಾವಣಿ ಹಿಡಿದು, ಜೊಂಪೆ ಜೊಂಪೆಯಾಗಿ ಇಳಿಬಿದ್ದಿತ್ತು. ಬುಡದ ಸುತ್ತ ಕಲ್ಲು ಜೋಡಿಸಿ ಪಾತಿ ಕಟ್ಟಿದ್ದಳು. ಪಾತಿಯಲ್ಲಿ ಆಗತಾನೇ ಹಾಕಿದ ನೀರು. ಸಾಹೇಬರ ದುಂಡು ಅಕ್ಷರದ ಚೀಟಿಗೆ ಪ್ಲಾಸ್ಟಿಕ್ ಹೊದಿಸಿ ಭದ್ರ ಮಾಡಿದ್ದಳು. ಉಳಿದ ನಾಲ್ಕು ಮನೆಗಳಲ್ಲಿ ಹೇಳಿದ್ದನ್ನು ಈ ಮಗುವಿಗೆ ಹೇಳುವುದು ಹೇಗೆ? ಇಷ್ಟು ಆಸೆಯಿಂದ ಸಾಕಿದ್ದಾಳೆ, ಟೊಮೆಟೊ ಯಾವಾಗ ಬಿಡುತ್ತೆ ಅಂತ ಕೇಳಿದರೆ ಏನು ಹೇಳೋದು?

ಅವರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಪುಟ್ಟಾ... ಇದು ಟೊಮೆಟೊ ಅಲ್ಲಮ್ಮ. ಕಳೆ. ನಾನು ಗೊತ್ತಿಲ್ದೆ ಕೊಟ್ಬಿಟ್ಟೆ. ಬೇಜಾರು ಮಾಡ್ಕೋಬೇಡ."

"ಅಯ್ಯೋ, ಕಳೆ ಅಂತ ತಂದ ದಿನಾನೇ ಗೊತ್ತಾಯ್ತು ಅಂಕಲ್," ಎಂದಳು ಹುಡುಗಿ. "ಪಾಪ, ನೀವು ಅಷ್ಟು ಚೆನ್ನಾಗಿ ಹೆಸರು ಬರೆದು ಕೊಟ್ಟಿದ್ರಲ್ಲ, ಕಿತ್ತುಹಾಕಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ನೀರು ಹಾಕ್ತಾ ಇದ್ದೆ."